ತೋಟದ ಒಡೆತನವನ್ನು ತೊರೆದ ಗುರು: ಬಾರ್ತೊಲೊಮೆ ದೆ ಲಾಸ್ ಕಾಸಾಸ್

ನಮ್ಮ ದೇವಾಲಯದ ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ ಧರ್ಮಕೇಂದ್ರದ ಗತಕಾಲವನ್ನು ಸ್ಮರಿಸಹೊರಟರೆ, ಮೊದಲು ಕಣ್ಣೆದುರಿಗೆ ಬರುವವರು ಹೊಟ್ಟೆಪಾಡಿಗಾಗಿ ಘಟ್ಟದ ಕೆಳಗಿನಿಂದಲೂ, ಬಯಲುಸೀಮೆಯಿಂದಲೂ, ತಮಿಳು ನಾಡಿನಿಂದಲೂ ಈ ಕಾಫಿಯ ಮಲೆಗೆ ನಡೆದುಬಂದ ನಮ್ಮ ಹಿರಿಯರು. ತೋಟದ ಲೈನುಮನೆಗಳೇ ಅವರ ಮೊದಲ ಧರ್ಮಕೇಂದ್ರ. ವಾರವಿಡೀ ದುಡಿದು ಭಾನುವಾರ ಪೂಜೆಗೆ ಬರುತ್ತಿದ್ದ ಆ ಕೈಗಳೇ ಈ ದೇವಾಲಯದ ಕಲ್ಲುಗಳನ್ನು ಹೊತ್ತವು.

ಕೆಲವು ವರ್ಷಗಳ ಹಿಂದೆ ಒಂದು ಲೈನಿನಲ್ಲಿ ಮನೆಗಳ ಆಶೀರ್ವಾದಕ್ಕೆ ಹೋಗಿದ್ದಾಗ, ವಯಸ್ಸಾದ ಒಬ್ಬ ಕಾರ್ಮಿಕರು ನನ್ನನ್ನು ಒಂದು ಪ್ರಶ್ನೆ ಕೇಳಿದರು. ಧಣಿಗಳು ಇರಲು ಮನೆ ಕೊಟ್ಟಿದ್ದಾರೆ, ಮಕ್ಕಳಿಗೆ ಶಾಲೆ ಇದೆ, ಜ್ವರ ಬಂದರೆ ಔಷಧ ಸಿಗುತ್ತದೆ. ಇದೆಲ್ಲ ಅವರು ಮಾಡುವ ದಾನವೋ, ಇಲ್ಲವೆ ತೀರಿಸುವ ಸಾಲವೋ ಎಂಬುದು ಅವರ ಸಂದೇಹ. ಗುರುಮಠದಲ್ಲಿ ನೀತಿಶಾಸ್ತ್ರವನ್ನು ಓದಿದ್ದ ನಾನು ಅಂದು ಎರಡೂ ಹೌದೆಂದು ಹೇಳಿ ಜಾರಿಕೊಂಡೆ. ಆ ಉತ್ತರ ಅವರಿಗೆ ಹಿಡಿಸಲಿಲ್ಲವೆಂದು ಅವರ ಮುಖವೇ ಹೇಳಿತು. ನನಗೂ ಅದು ಹಿಡಿಸಲಿಲ್ಲ. ಇದೇ ಪ್ರಶ್ನೆಯನ್ನು ಐದು ಶತಮಾನಗಳ ಹಿಂದೆ ಎದುರಿಸಿ, ಅದಕ್ಕೆ ತಮ್ಮ ಇಡೀ ಬಾಳಿನಿಂದಲೇ ಉತ್ತರ ಕೊಟ್ಟ ಒಬ್ಬ ಗುರುವಿನ ಜೀವನವನ್ನು ಇಲ್ಲಿ ನಿರೂಪಿಸಬಯಸುತ್ತೇನೆ. ಅವರು ಸ್ವತಃ ತೋಟದ ಧಣಿಯಾಗಿದ್ದವರು ಎಂಬುದೇ ಈ ಕಥೆಯ ವೈಶಿಷ್ಟ್ಯ.

ಬಾಲ್ಯ ಮತ್ತು ಪ್ರಯಾಣ

ಬಾರ್ತೊಲೊಮೆ ದೆ ಲಾಸ್ ಕಾಸಾಸ್ ಅವರು 1484ರಲ್ಲಿ ಸ್ಪೇನ್ ದೇಶದ ಸೆವಿಲ್ಲೆ ನಗರದಲ್ಲಿ ಜನಿಸಿದರು. ಅವರ ಕುಲನಾಮಕ್ಕೆ ಸ್ಪ್ಯಾನಿಷ್ ಭಾಷೆಯಲ್ಲಿ ಮನೆಗಳು ಎಂದು ಅರ್ಥ. ತಂದೆ ಪೇದ್ರೊ ಅವರು ವ್ಯಾಪಾರಿಗಳು. ಕ್ರಿಸ್ಟೋಫರ್ ಕೊಲಂಬಸ್ ತನ್ನ ಮೊದಲ ಯಾನವನ್ನು ಮುಗಿಸಿ 1493ರಲ್ಲಿ ಸೆವಿಲ್ಲೆಗೆ ಬಂದಾಗ, ಜೊತೆಯಲ್ಲಿ ಕರೆತಂದಿದ್ದ ದ್ವೀಪವಾಸಿಗಳನ್ನು ಬಾಲಕ ಬಾರ್ತೊಲೊಮೆ ಕಣ್ಣಾರೆ ಕಂಡರು. ಅದೇ ವರ್ಷ ತಂದೆ ಕೊಲಂಬಸನ ಎರಡನೆಯ ಯಾನದಲ್ಲಿ ಹೊರಟರು. ಹಿಂತಿರುಗುವಾಗ ಒಬ್ಬ ದ್ವೀಪವಾಸಿ ತರುಣನನ್ನು ಮಗನ ಸೇವೆಗೆಂದು ಕರೆತಂದರು. ಇಂಥವರನ್ನು ಗುಲಾಮರನ್ನಾಗಿ ಇಟ್ಟುಕೊಳ್ಳಕೂಡದೆಂದು ರಾಣಿ ಇಸಬೆಲ್ಲಾ 1500ರಲ್ಲಿ ಆಜ್ಞೆ ಮಾಡಿದ್ದರಿಂದ ಆ ತರುಣನನ್ನು ಮರಳಿ ಕಳುಹಿಸಬೇಕಾಯಿತು.

1502ರಲ್ಲಿ, ಇನ್ನೂ ಹದಿನೆಂಟರ ಹರೆಯದಲ್ಲಿ, ಲಾಸ್ ಕಾಸಾಸ್ ರಾಜ್ಯಪಾಲ ಒವಾಂದೊನ ನೌಕಾಪಡೆಯೊಡನೆ ಹಿಸ್ಪನಿಯೋಲ ದ್ವೀಪವನ್ನು ತಲುಪಿದರು. ಇಂದು ಹೈಟಿ ಮತ್ತು ಡೊಮಿನಿಕನ್ ಗಣರಾಜ್ಯಗಳೆಂಬ ಎರಡು ದೇಶಗಳಿರುವ ದ್ವೀಪ ಅದು. ಅಲ್ಲಿನ ಮೂಲನಿವಾಸಿಗಳು ತಾಯಿನೊ ಜನರು. ಮರಗೆಣಸು, ಮೆಣಸಿನಕಾಯಿ, ಹತ್ತಿಯನ್ನು ಬೆಳೆದು ಬದುಕುತ್ತಿದ್ದ ಸಮಾಧಾನದ ಜನ. ನಾವು ದಿನವೂ ಸಾರಿಗೆ ಹಾಕುವ ಮೆಣಸಿನಕಾಯಿ, ನಮ್ಮ ಹಿತ್ತಲಿನ ಮರಗೆಣಸು ಎರಡೂ ಹೊಸ ಜಗತ್ತೆಂದು ಕರೆಯಲ್ಪಟ್ಟ ಆ ನೆಲದಿಂದಲೇ ಹೊರಟು ನಮ್ಮ ದೇಶವನ್ನು ಸೇರಿದವು.

ಧಣಿಯೂ ಗುರುವೂ

ಆ ದ್ವೀಪದಲ್ಲಿ ಎಂಕೊಮಿಯೆಂದ ಎಂಬ ಪದ್ಧತಿ ಬೇರೂರಿತ್ತು. ಆ ಪದಕ್ಕೆ ಒಪ್ಪಿಸಿಕೊಡುವುದು ಎಂದರ್ಥ. ಅರಸನು ಇಷ್ಟು ಮಂದಿ ಮೂಲನಿವಾಸಿಗಳನ್ನು ಒಬ್ಬ ಸ್ಪೇನಿಗನ ವಶಕ್ಕೆ ಒಪ್ಪಿಸುತ್ತಿದ್ದನು. ಅವನು ಅವರಿಂದ ಹೊಲದಲ್ಲಿಯೂ ಚಿನ್ನದ ಗಣಿಯಲ್ಲಿಯೂ ದುಡಿಮೆ ಪಡೆಯಬಹುದಿತ್ತು; ಪ್ರತಿಯಾಗಿ ಅವರನ್ನು ಸಲಹಿ ಕ್ರೈಸ್ತ ವಿಶ್ವಾಸವನ್ನು ಬೋಧಿಸಬೇಕಾಗಿತ್ತು. ಕಾಗದದ ಮೇಲೆ ಅದು ತಂದೆಮಕ್ಕಳ ಸಂಬಂಧದಂತೆ ತೋರುತ್ತಿತ್ತು. ಹೊಲದಲ್ಲಿ ಅದು ಜೀತವಾಗಿತ್ತು.

ಲಾಸ್ ಕಾಸಾಸ್ ಅವರಿಗೂ ಭೂಮಿ ದೊರೆಯಿತು, ಆಳುಗಳು ದೊರೆತರು. ಅವರ ಮರಗೆಣಸಿನ ಕೃಷಿ ಚೆನ್ನಾಗಿಯೇ ನಡೆಯಿತು. 1507ರಲ್ಲಿ ಅವರು ರೋಮಿನಲ್ಲಿ ಗುರುದೀಕ್ಷೆ ಪಡೆದರೆಂದು ಹೇಳಲಾಗಿದೆ. ದ್ವೀಪಕ್ಕೆ ಮರಳಿ 1510ರಲ್ಲಿ ತಮ್ಮ ಪ್ರಥಮ ಗಾನಪೂಜೆಯನ್ನು ಅರ್ಪಿಸಿದರು. ಗುರುವಾದ ಮೇಲೂ ಅವರು ಧಣಿಯಾಗಿಯೇ ಉಳಿದರು. ಅವರು ಕ್ರೂರಿಯಾಗಿರಲಿಲ್ಲ. ಆಳುಗಳಿಗೆ ಹೊಟ್ಟೆತುಂಬ ಉಣ್ಣಿಸುತ್ತಿದ್ದರು, ಮೃದುವಾಗಿ ನಡೆಸಿಕೊಳ್ಳುತ್ತಿದ್ದರು. ಆದರೆ ಇತರರಂತೆ ತಾವೂ ಅವರನ್ನು ಗಣಿಗೂ ಹೊಲಕ್ಕೂ ಅಟ್ಟುತ್ತಿದ್ದುದನ್ನು, ಅವರ ಆತ್ಮದ ಚಿಂತೆಯನ್ನು ಮರೆತಿದ್ದುದನ್ನು ಅವರೇ ಮುಂದೆ ಬರೆದಿಟ್ಟಿದ್ದಾರೆ.

1510ರಲ್ಲಿಯೇ ಸಂತ ದೊಮಿನಿಕರ ಸಭೆಯ ಸನ್ಯಾಸಿಗಳು ದ್ವೀಪಕ್ಕೆ ಬಂದಿಳಿದರು. ಹುಲ್ಲುಗುಡಿಸಲಲ್ಲಿ ವಾಸಿಸಿ, ಜನರ ಕಷ್ಟವನ್ನು ಹತ್ತಿರದಿಂದ ಕಂಡ ಅವರು 1511 ಡಿಸೆಂಬರ್ 21ರಂದು, ಆಗಮನ ಕಾಲದ ನಾಲ್ಕನೆಯ ಭಾನುವಾರ, ಒಂದು ಪ್ರಬೋಧನೆಯನ್ನು ಸಿದ್ಧಪಡಿಸಿ ಎಲ್ಲರೂ ಸಹಿಹಾಕಿದರು. ಅದನ್ನು ಸಾರಿದವರು ಫಾದರ್ ಆಂತೋನಿಯೊ ದೆ ಮೊಂತೆಸಿನೋಸ್. ಈ ಜನರೂ ಆತ್ಮವುಳ್ಳ ಮನುಷ್ಯರಲ್ಲವೇ, ಯಾವ ಹಕ್ಕಿನಿಂದ ಇವರನ್ನು ದಾಸ್ಯದಲ್ಲಿ ಇಟ್ಟಿದ್ದೀರಿ ಎಂದು ಅವರು ದೇವಾಲಯದಲ್ಲಿ ಕುಳಿತಿದ್ದ ಧಣಿಗಳನ್ನು ನೇರವಾಗಿ ಪ್ರಶ್ನಿಸಿದರು. ಊರು ಕೆರಳಿತು. ಮುಂದಿನ ಭಾನುವಾರ ಕ್ಷಮೆ ಕೇಳುವರೆಂದು ಜನ ನೆರೆದರೆ, ಗುರುಗಳು ಅದೇ ಮಾತನ್ನು ಇನ್ನಷ್ಟು ಖಂಡಿತವಾಗಿ ಹೇಳಿದರು.

ಈ ಪ್ರಬೋಧನೆ ಲಾಸ್ ಕಾಸಾಸ್ ಅವರ ಮನಸ್ಸನ್ನು ಕೂಡಲೇ ಕರಗಿಸಲಿಲ್ಲ. ಒಮ್ಮೆ ಪಾಪನಿವೇದನೆಗೆ ಹೋದಾಗ, ಆಳುಗಳನ್ನು ವಶದಲ್ಲಿ ಇಟ್ಟುಕೊಂಡಿರುವವರೆಗೆ ಪಾಪಕ್ಷಮೆ ಕೊಡಲಾರೆನೆಂದು ಒಬ್ಬ ದೊಮಿನಿಕನ್ ಗುರು ಅವರನ್ನು ಹಿಂದಕ್ಕೆ ಕಳುಹಿಸಿದರು. ಆಗಲೂ ಅವರು ವಾದ ಮಾಡಿದರೇ ಹೊರತು ಬದಲಾಗಲಿಲ್ಲ. ಒಳ್ಳೆಯ ಧಣಿಗೆ ತನ್ನ ತಪ್ಪು ಕಾಣುವುದು ಕಷ್ಟ. ಪಕ್ಕದ ತೋಟದ ಕೆಟ್ಟ ಧಣಿಯನ್ನು ನೋಡಿಕೊಂಡು ಅವನು ಸಮಾಧಾನಪಟ್ಟುಕೊಳ್ಳುತ್ತಾನೆ.

ಮನೆ, ಓದು, ಆರೈಕೆ: 1512ರ ಕಾನೂನು

ಮೊಂತೆಸಿನೋಸರ ಪ್ರಬೋಧನೆಯ ಸದ್ದು ಅರಮನೆಯವರೆಗೂ ಹೋಯಿತು. ರಾಜ ಫರ್ಡಿನೆಂಡ್ ವಿದ್ವಾಂಸರನ್ನು ಕೂಡಿಸಿ, 1512 ಡಿಸೆಂಬರ್ 27ರಂದು ಬುರ್ಗೋಸ್ ನಗರದಲ್ಲಿ 35 ವಿಧಿಗಳ ಕಾನೂನೊಂದನ್ನು ಹೊರಡಿಸಿದನು. ತೋಟದ ಕಾರ್ಮಿಕರನ್ನು ಬಲ್ಲ ನಮ್ಮಂಥವರು ಅದನ್ನು ಓದಿದರೆ ಬೆರಗಾಗುತ್ತೇವೆ.

ಪ್ರತಿ 50 ಆಳುಗಳಿಗೆ 30 ಅಡಿ ಉದ್ದ, 15 ಅಡಿ ಅಗಲದ ನಾಲ್ಕು ಮನೆಗಳನ್ನು ಧಣಿಯೇ ಕಟ್ಟಿಸಿಕೊಡಬೇಕು. ಅವರ ಆಹಾರಕ್ಕಾಗಿ ಮರಗೆಣಸು ಮತ್ತು ಗೆಣಸಿನ 5,000 ದಿಬ್ಬಗಳು, 250 ಮೆಣಸಿನ ಗಿಡಗಳು, 50 ಹತ್ತಿ ಗಿಡಗಳು, ಒಂದು ಡಜನ್ ಕೋಳಿ ಮತ್ತು ಒಂದು ಹುಂಜ ಇರಬೇಕು. ಯಾರೂ ನೆಲದ ಮೇಲೆ ಮಲಗಬಾರದು. ತಲೆಗೊಂದು ತೂಗುಹಾಸಿಗೆ ಕೊಡಬೇಕು. 50 ಆಳುಗಳಿರುವ ಧಣಿ ಒಬ್ಬ ಹುಡುಗನಿಗೆ ಓದುಬರಹ ಕಲಿಸಬೇಕು; ಅವನು ಉಳಿದವರಿಗೆ ಬೋಧಿಸಬೇಕು. ಜನನಾಯಕರ ಗಂಡುಮಕ್ಕಳನ್ನು ನಾಲ್ಕು ವರ್ಷ ಫ್ರಾನ್ಸಿಸ್ಕನ್ ಸನ್ಯಾಸಿಗಳ ಬಳಿ ಓದಲು ಬಿಡಬೇಕು. ಗರ್ಭಿಣಿಯನ್ನು ನಾಲ್ಕು ತಿಂಗಳಾದ ಮೇಲೆ ಗಣಿಗೆ ಕಳುಹಿಸಬಾರದು, ಹೊಲದ ಭಾರದ ಕೆಲಸಕ್ಕೂ ಹಚ್ಚಬಾರದು. ಮಗುವಿಗೆ ಮೂರು ವರ್ಷ ತುಂಬುವವರೆಗೂ ಇದೇ ನಿಯಮ. ಗಣಿಯಲ್ಲಿ ಐದು ತಿಂಗಳು ದುಡಿದವರಿಗೆ 40 ದಿನ ವಿಶ್ರಾಂತಿ. ಆಳನ್ನು ಹೊಡೆಯಬಾರದು, ನಾಯಿಯೆಂದು ಕರೆಯಬಾರದು.

ವಸತಿ, ವಿದ್ಯೆ, ಆರೋಗ್ಯ ಮೂರೂ ಅಲ್ಲಿ ಇದ್ದವು. ಹಾಗಾದರೆ ಆ ಜನ ಉಳಿಯಲಿಲ್ಲವೇಕೆ? ಹಿಸ್ಪನಿಯೋಲದಲ್ಲಿ 1508ರ ಎಣಿಕೆಯಲ್ಲಿ ಸುಮಾರು 60,000 ಇದ್ದ ಮೂಲನಿವಾಸಿಗಳು 1514ರ ಹಂಚಿಕೆಯ ವೇಳೆಗೆ ಸುಮಾರು 26,000ಕ್ಕೆ ಇಳಿದಿದ್ದರು. ಕಾರಣವನ್ನು ಆ ಕಾನೂನಿನಲ್ಲಿಯೇ ಕಾಣಬಹುದು. ಧಣಿಯ ಹೊಲದ ಬಳಿ ಹೊಸ ಮನೆ ಕಟ್ಟಿಸಿದ ಮೇಲೆ, ಆ ಜನರು ಮರಳಿ ಹೋಗಲು ಮನಸ್ಸು ಮಾಡದಂತೆ ಅವರ ಹಳೆಯ ಊರಿನ ಮನೆಗಳನ್ನು ಸುಟ್ಟುಹಾಕಬೇಕೆಂದು ಅದೇ ಕಾನೂನು ವಿಧಿಸಿತ್ತು. ಇದನ್ನೆಲ್ಲ ನೋಡಿಕೊಳ್ಳಲು ಊರಿಗೆ ಇಬ್ಬರು ತನಿಖೆಗಾರರನ್ನು ನೇಮಿಸಿತ್ತು. ಆದರೆ ಅವರೂ ತಮ್ಮ ಪಾಲಿಗೆ ಆಳುಗಳನ್ನು ಇಟ್ಟುಕೊಳ್ಳಬಹುದಿತ್ತು. ದುಡಿಯುವವರಿಗೆ ದೂರು ಕೊಡಲು, ಕೆಲಸ ಬಿಟ್ಟುಹೋಗಲು ದಾರಿಯಿರಲಿಲ್ಲ. ಕೊಡುವ ಕೈಯೇ ಹಿಡಿದಿಟ್ಟುಕೊಳ್ಳುವ ಕೈಯೂ ಆಗಿತ್ತು. ಮನೆ ಆಸರೆಯಾಗದೆ ಕಟ್ಟಾಯಿತು.

ಒಂದು ವಚನ ಮಾಡಿದ ಕೆಲಸ

1513ರಲ್ಲಿ ಲಾಸ್ ಕಾಸಾಸ್ ಸೈನ್ಯದ ಗುರುವಾಗಿ ಕ್ಯೂಬಾ ದ್ವೀಪಕ್ಕೆ ಹೋದರು. ಕಾವೊನಾವೊ ಎಂಬ ಊರಿನಲ್ಲಿ ನಿರಪರಾಧಿಗಳನ್ನು ಸೈನಿಕರು ಕಡಿದುಹಾಕಿದುದನ್ನು ಕಂಡು ತಡೆಯಲೆತ್ನಿಸಿದರು, ಆಗಲಿಲ್ಲ. ಆದರೂ ಆ ದ್ವೀಪದಲ್ಲಿ ಅರಿಮಾವೊ ನದಿಯ ಬಳಿ ಮತ್ತೆ ಭೂಮಿಯನ್ನೂ ಆಳುಗಳನ್ನೂ ಸ್ವೀಕರಿಸಿದರು. ಅಲ್ಲಿ ಅವರ ಪಾಲುದಾರ ಪೇದ್ರೊ ದೆ ರೆಂತೆರಿಯಾ ಎಂಬ ದೈವಭಕ್ತ ಗೃಹಸ್ಥರು.

1514ರ ಪೆಂತೆಕೋಸ್ತ್ ಹಬ್ಬಕ್ಕೆ ಪ್ರಬೋಧನೆ ಸಿದ್ಧಪಡಿಸುತ್ತಿದ್ದಾಗ ಸಿರಾಖನ ಗ್ರಂಥದ 34ನೆಯ ಅಧ್ಯಾಯ ಅವರ ಕಣ್ಣಿಗೆ ಬಿತ್ತು. ಅನ್ಯಾಯದ ಗಳಿಕೆಯಿಂದ ಅರ್ಪಿಸಿದ ಬಲಿ ದೇವರಿಗೆ ಮೆಚ್ಚಿಕೆಯಾಗದು, ಬಡವನ ಅನ್ನವನ್ನೂ ಕೂಲಿಯವನ ಕೂಲಿಯನ್ನೂ ಕಿತ್ತುಕೊಳ್ಳುವುದು ಕೊಲೆಗೆ ಸಮಾನ ಎಂಬುದು ಆ ಭಾಗದ ತಾತ್ಪರ್ಯ. ದಿನವೂ ಬಲಿಪೂಜೆ ಅರ್ಪಿಸುವ ತನ್ನ ಕೈಯಲ್ಲಿರುವ ರೊಟ್ಟಿ ಯಾರ ಬೆವರಿನದು ಎಂದು ಅವರು ತಮ್ಮನ್ನು ತಾವೇ ಕೇಳಿಕೊಂಡರು. ದೊಮಿನಿಕನ್ ಗುರು ಪಾಪಕ್ಷಮೆ ನಿರಾಕರಿಸಿದ್ದು ಆಗ ನೆನಪಾಯಿತು. ಹಲವು ದಿನ ಯೋಚಿಸಿ, ತಮ್ಮ ಆಳುಗಳನ್ನು ಬಿಟ್ಟುಕೊಡುವುದೆಂದು ನಿಶ್ಚಯಿಸಿದರು. ಆ ವರ್ಷದ ಆಗಸ್ಟ್ 15ರಂದು, ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬದಲ್ಲಿ, ಅದನ್ನು ಪ್ರಬೋಧನೆಯ ಮಧ್ಯೆಯೇ ಬಹಿರಂಗವಾಗಿ ಸಾರಿದರು.

ಇತ್ತ ಜಮೈಕಾ ದ್ವೀಪಕ್ಕೆ ಹೋಗಿದ್ದ ರೆಂತೆರಿಯಾ ಅವರ ಮನಸ್ಸಿನಲ್ಲಿಯೂ ತಪಸ್ಸುಕಾಲದ ಧ್ಯಾನದಲ್ಲಿ ಒಂದು ಸಂಕಲ್ಪ ಮೂಡಿತ್ತು. ಮೂಲನಿವಾಸಿಗಳ ಮಕ್ಕಳನ್ನಾದರೂ ಉಳಿಸಲು ಶಾಲೆಗಳನ್ನು ತೆರೆಯಲು ಅರಸನ ಅನುಮತಿ ಬೇಡಬೇಕೆಂಬುದು ಅವರ ಆಸೆ. ಇಬ್ಬರೂ ಭೇಟಿಯಾಗಿ ಮನಸ್ಸನ್ನು ತೆರೆದಿಟ್ಟಾಗ, ಒಬ್ಬರಿಗೊಬ್ಬರು ತಿಳಿಸದೆಯೇ ಒಂದೇ ದಾರಿ ಹಿಡಿದಿದ್ದೇವೆಂದು ಕಂಡು ಹಿಗ್ಗಿದರು. ರೆಂತೆರಿಯಾ ಅವರು ಜಮೈಕಾದಿಂದ ತಂದಿದ್ದ ಹಂದಿಗಳನ್ನೂ ಮರಗೆಣಸಿನ ಸರಕನ್ನೂ ಮಾರಿ, ಆ ಹಣವನ್ನು ಲಾಸ್ ಕಾಸಾಸರ ಸ್ಪೇನ್ ಪ್ರಯಾಣಕ್ಕೆ ಕೊಟ್ಟರು. ದೀನರ ಪರವಾದ ಆ ಮಹಾಹೋರಾಟಕ್ಕೆ ಹೀಗೆ ಒಬ್ಬ ಗೃಹಸ್ಥನ ದುಡಿಮೆಯೇ ಮೊದಲ ಬಂಡವಾಳವಾಯಿತು.

ಆಸ್ಪತ್ರೆಯ ಕನಸು, ಘೋರ ತಪ್ಪು

1515ರ ಕೊನೆಯಲ್ಲಿ ಅವರು ರಾಜ ಫರ್ಡಿನೆಂಡನನ್ನು ಕಂಡರು. ಮರುತಿಂಗಳೇ ಅರಸ ತೀರಿಕೊಂಡನು. ರಾಜ್ಯಭಾರ ನೋಡಿಕೊಳ್ಳುತ್ತಿದ್ದ ಕಾರ್ಡಿನಲ್ ಸಿಸ್ನೆರೋಸರಿಗೆ 1516ರಲ್ಲಿ ಅವರು ಒಂದು ಪರಿಹಾರ ಪತ್ರವನ್ನು ಸಲ್ಲಿಸಿದರು. ಯಾವ ಮೂಲನಿವಾಸಿಯನ್ನೂ ಒಬ್ಬ ವ್ಯಕ್ತಿಯ ವಶಕ್ಕೆ ಕೊಡಬಾರದು. ಜನರು ಊರುಕಟ್ಟಿ ಸಮುದಾಯವಾಗಿ ಬಾಳಬೇಕು. ದುಡಿಮೆಗೆ ಮಿತಿ, ವಿಶ್ರಾಂತಿಗೆ ಕಾಲ ಇರಬೇಕು. ಬೋಧಕರು, ವೈದ್ಯರು ಇರಬೇಕು ಎಂದು ಅದರಲ್ಲಿ ಕೋರಿದರು. ಅವರು ಕಲ್ಪಿಸಿದ ಆಸ್ಪತ್ರೆ ಶಿಲುಬೆಯ ಆಕಾರದ್ದು. ನಾಲ್ಕು ಕೈಗಳಲ್ಲಿ ಹಾಸಿಗೆಗಳು, ನಡುವೆ ಬಲಿಪೀಠ. ರೋಗಿಯು ಮಲಗಿದಲ್ಲಿಂದಲೇ ಪೂಜೆಯನ್ನು ಕಾಣಬೇಕೆಂಬುದು ಉದ್ದೇಶ. ಕಾರ್ಡಿನಲರು ಅವರನ್ನು ಮೂಲನಿವಾಸಿಗಳ ರಕ್ಷಕರೆಂದು ನೇಮಿಸಿದರು. ಆದರೆ ಆ ಯೋಜನೆ ಅವರು ಬರೆದಂತೆ ಎಲ್ಲಿಯೂ ನಡೆಯಲಿಲ್ಲ.

ಇಲ್ಲಿ ಅವರ ಜೀವನದ ಅತ್ಯಂತ ದೊಡ್ಡ ಕಳಂಕವನ್ನು ಮರೆಮಾಚುವುದು ಸರಿಯಲ್ಲ. ಮೂಲನಿವಾಸಿಗಳ ಹೊರೆಯನ್ನು ಇಳಿಸುವ ಆತುರದಲ್ಲಿ, ಆಫ್ರಿಕಾದಿಂದ ಗುಲಾಮರನ್ನು ತರಿಸಬಹುದೆಂದು ಅವರು ಸಲಹೆ ಕೊಟ್ಟರು. ಆಫ್ರಿಕನ್ನರನ್ನು ಅಲ್ಲಿಗೆ ಸಾಗಿಸುವುದು ಅದಕ್ಕೂ ಮೊದಲೇ ಆರಂಭವಾಗಿತ್ತೆಂಬುದು ನಿಜ. ಆದರೂ ಅವರ ಮಾತು ಆ ದುಷ್ಟ ವ್ಯಾಪಾರಕ್ಕೆ ಬಲ ಕೊಟ್ಟಿತು. 1518ರಲ್ಲಿ ರಾಜ ಚಾರ್ಲ್ಸ್ 4,000 ಆಫ್ರಿಕನ್ನರನ್ನು ಸಾಗಿಸಲು ಪರವಾನಗಿ ಕೊಟ್ಟನು. ದ್ವೀಪದ ಕಬ್ಬಿನ ತೋಟಗಳೂ ಆಲೆಮನೆಗಳೂ ಅವರ ಕಣ್ಣೀರಿನಿಂದ ಬೆಳೆದವು. ವರ್ಷಗಳ ನಂತರ, ಆಫ್ರಿಕನ್ನರ ದಾಸ್ಯವೂ ಅಷ್ಟೇ ಅನ್ಯಾಯವೆಂದು ಅರಿತ ಲಾಸ್ ಕಾಸಾಸ್, ತಮ್ಮ ಚರಿತ್ರೆಯ ಗ್ರಂಥದಲ್ಲಿ ಇದನ್ನು ತಾವೇ ಒಪ್ಪಿಕೊಂಡು, ದೇವರ ನ್ಯಾಯಾಸನದ ಮುಂದೆ ತಮ್ಮ ಅಜ್ಞಾನವು ತಮ್ಮನ್ನು ಕಾಪಾಡೀತೇ ಎಂದು ಅಳುಕಿದ್ದಾರೆ. ಒಬ್ಬರ ಬೆನ್ನಿನ ಭಾರವನ್ನು ಇನ್ನೊಬ್ಬರ ಬೆನ್ನಿಗೆ ವರ್ಗಾಯಿಸುವುದು ಪರಿಹಾರವಲ್ಲ. ಹೊರಗಿನಿಂದ ಬಂದ ಹೊಸ ಕಾರ್ಮಿಕರನ್ನು ಕೀಳಾಗಿ ಕಾಣುವ ಇಂದಿನ ದಿನಗಳಲ್ಲಿ ನಾವೂ ಇದನ್ನು ನೆನೆಯಬೇಕು.

ಬಳಿಕ ವೆನೆಜುವೆಲಾದ ತೀರದ ಕುಮಾನಾದಲ್ಲಿ ಅವರು ನಡೆಸಿದ ಶಾಂತಿಯುತ ನೆಲೆಯ ಪ್ರಯೋಗವೂ ರಕ್ತಪಾತದಲ್ಲಿ ಮುರಿದುಬಿತ್ತು. ಮನನೊಂದ ಅವರು 1522ರಲ್ಲಿ ದೊಮಿನಿಕನ್ ಸಭೆಯನ್ನು ಸೇರಿದರು. ಒಮ್ಮೆ ತಮಗೆ ಪಾಪಕ್ಷಮೆ ನಿರಾಕರಿಸಿದವರ ಮಠದಲ್ಲಿಯೇ ಅವರು ವರ್ಷಗಟ್ಟಲೆ ಮೌನದಲ್ಲಿ ಓದಿದರು, ಬರೆದರು.

ಧರ್ಮಾಧ್ಯಕ್ಷರ ಪಟ್ಟ

1537ರಲ್ಲಿ ಜಗದ್ಗುರು ಮೂರನೆಯ ಪೌಲರು, ಮೂಲನಿವಾಸಿಗಳು ನಿಜವಾದ ಮನುಷ್ಯರೆಂದೂ, ಅವರ ಸ್ವಾತಂತ್ರ್ಯವನ್ನಾಗಲಿ ಆಸ್ತಿಯನ್ನಾಗಲಿ ಕಸಿಯಬಾರದೆಂದೂ ಘೋಷಿಸಿದರು. ಅದೇ ವರ್ಷ ಲಾಸ್ ಕಾಸಾಸ್ ಗ್ವಾಟೆಮಾಲಾದಲ್ಲಿ ಒಂದು ಒಪ್ಪಂದ ಮಾಡಿಕೊಂಡರು. ಯುದ್ಧಭೂಮಿಯೆಂದು ಹೆಸರಾಗಿದ್ದ ಪ್ರಾಂತವೊಂದಕ್ಕೆ ಐದು ವರ್ಷ ಸನ್ಯಾಸಿಗಳ ಹೊರತು ಯಾವ ಸ್ಪೇನಿಗನೂ ಕಾಲಿಡಬಾರದು, ಅಲ್ಲಿನವರನ್ನು ಯಾವ ಧಣಿಗೂ ಒಪ್ಪಿಸಬಾರದು ಎಂಬುದೇ ಆ ಒಪ್ಪಂದ. ಖಡ್ಗವಿಲ್ಲದೆ ಹೋದ ಸನ್ಯಾಸಿಗಳನ್ನು ಜನ ಸ್ವೀಕರಿಸಿದರು. ಆ ನೆಲಕ್ಕೆ ನಿಜಶಾಂತಿ ಎಂಬರ್ಥದ ವೆರಾಪಾಸ್ ಎಂಬ ಹೆಸರು ಬಂತು.

1542ರಲ್ಲಿ ಚಕ್ರವರ್ತಿ ಚಾರ್ಲ್ಸ್ ಹೊಸ ಕಾನೂನುಗಳನ್ನು ಹೊರಡಿಸಿ, ಮೂಲನಿವಾಸಿಗಳನ್ನು ಇನ್ನು ಮುಂದೆ ಗುಲಾಮರನ್ನಾಗಿ ಮಾಡಬಾರದೆಂದೂ, ಆಳುಗಳ ಒಡೆತನ ತಂದೆಯಿಂದ ಮಗನಿಗೆ ಹೋಗಬಾರದೆಂದೂ ವಿಧಿಸಿದನು. ಸಂಪತ್ತಿನ ಪೆರು ದೇಶದ ಕುಸ್ಕೊ ಧರ್ಮಪೀಠವನ್ನು ಒಲ್ಲೆನೆಂದ ಲಾಸ್ ಕಾಸಾಸ್, ಬಡ ಪ್ರಾಂತವಾದ ಮೆಕ್ಸಿಕೊದ ಚಿಯಾಪಾಸ್‌ಗೆ ಧರ್ಮಾಧ್ಯಕ್ಷರಾಗಿ 1544ರಲ್ಲಿ ಅಭಿಷೇಕಗೊಂಡರು. 1545ರ ಪಾಸ್ಕ ಹಬ್ಬದ ಸಮಯದಲ್ಲಿ, ಗುಲಾಮರನ್ನು ಬಿಡುಗಡೆ ಮಾಡದವರಿಗೆ ಪಾಪಕ್ಷಮೆ ಇಲ್ಲವೆಂದು ಸಾರಿದರು. ತಮಗೆ ಹಿಂದೊಮ್ಮೆ ಕಹಿಯಾಗಿದ್ದ ಔಷಧವನ್ನೇ ಅವರು ಈಗ ತಮ್ಮ ಜನರಿಗೆ ಕೊಟ್ಟರು. ಊರು ದಂಗೆಯೆದ್ದಿತು. ಅದೇ ವರ್ಷ ಧಣಿಗಳ ಒತ್ತಡಕ್ಕೆ ಮಣಿದ ಚಕ್ರವರ್ತಿ, ಒಡೆತನದ ಉತ್ತರಾಧಿಕಾರವನ್ನು ತಡೆದಿದ್ದ ವಿಧಿಯನ್ನು ಹಿಂತೆಗೆದುಕೊಂಡನು.

ಆಗ ಅವರು ಪಾಪನಿವೇದನೆ ಕೇಳುವ ಗುರುಗಳಿಗಾಗಿ ಹನ್ನೆರಡು ನಿಯಮಗಳನ್ನು ಬರೆದರು. ಅವುಗಳ ಸಾರ ಇಷ್ಟೇ: ಕಿತ್ತುಕೊಂಡುದನ್ನು ಹಿಂದಿರುಗಿಸದೆ ಕೇವಲ ದಾನ ಮಾಡಿದರೆ ಪಶ್ಚಾತ್ತಾಪ ಪೂರ್ಣವಾಗದು. 1547ರಲ್ಲಿ ಅವರು ಸ್ಪೇನಿಗೆ ಮರಳಿದರು. ಮತ್ತೆ ಸಮುದ್ರ ದಾಟಲಿಲ್ಲ. 1550 ಮತ್ತು 1551ರಲ್ಲಿ ವಯ್ಯದೋಲಿದ್ ನಗರದ ವಿದ್ವತ್ಸಭೆಯಲ್ಲಿ, ಕೆಲವರು ಹುಟ್ಟಿನಿಂದಲೇ ದಾಸರೆಂಬ ಸೆಪುಲ್ವೆದರ ವಾದವನ್ನು ಖಂಡಿಸಿದರು. 1566 ಜುಲೈ 18ರಂದು, ಎಂಬತ್ತು ದಾಟಿದ ವಯಸ್ಸಿನಲ್ಲಿ, ಮ್ಯಾಡ್ರಿಡ್‌ನ ದೊಮಿನಿಕನ್ ಮಠದಲ್ಲಿ ಪ್ರಭುವಿನಲ್ಲಿ ನಿದ್ರೆಹೋದರು. ಅವರು ವಿರೋಧಿಸಿದ ಪದ್ಧತಿ ಆಗಲೂ ಜೀವಂತವಾಗಿತ್ತು. 18ನೆಯ ಶತಮಾನದಲ್ಲಿ ಅದು ಕೊನೆಗೊಂಡಿತು. ಅವರನ್ನು ಓಡಿಸಿದ ಚಿಯಾಪಾಸಿನ ಊರು ಇಂದು ಸಾನ್ ಕ್ರಿಸ್ತೋಬಾಲ್ ದೆ ಲಾಸ್ ಕಾಸಾಸ್ ಎಂದು ಅವರ ಹೆಸರನ್ನೇ ಹೊತ್ತಿದೆ.

ನಮ್ಮ ತೋಟಗಳಿಗೆ ಈ ಬದುಕಿನ ಪಾಠ

ಪ್ರಿಯ ಕ್ರೈಸ್ತ ಬಂಧುಗಳೇ, ನಮ್ಮ ತೋಟಗಳು ಹಿಸ್ಪನಿಯೋಲದ ಹೊಲಗಳಲ್ಲ. ಇಲ್ಲಿ ಕಾರ್ಮಿಕರು ಸ್ವತಂತ್ರ ದೇಶದ ನಾಗರಿಕರು. ಅವರಿಗೆ ಮತವಿದೆ, ಸಂಘವಿದೆ, ನ್ಯಾಯಾಲಯವಿದೆ. 1951ರಲ್ಲಿ ನಮ್ಮ ಸಂಸತ್ತು ಅಂಗೀಕರಿಸಿದ ತೋಟ ಕಾರ್ಮಿಕರ ಕಾಯಿದೆಯು ವಸತಿ, ಕುಡಿಯುವ ನೀರು, ಶೌಚಾಲಯ, ವೈದ್ಯಕೀಯ ಸೌಲಭ್ಯಗಳನ್ನು ಮಾಲೀಕರ ಹೊಣೆಯನ್ನಾಗಿ ಮಾಡಿತು. 50 ಅಥವಾ ಹೆಚ್ಚು ಹೆಣ್ಣಾಳುಗಳಿರುವಲ್ಲಿ ಶಿಶುವಿಹಾರ, 6ರಿಂದ 12 ವರ್ಷದೊಳಗಿನ ಮಕ್ಕಳು 25ಕ್ಕಿಂತ ಹೆಚ್ಚಿರುವಲ್ಲಿ ಶಾಲೆಯ ಅನುಕೂಲ ಎಂಬ ಮಾತೂ ಅದರಲ್ಲಿ ಬಂತು. ಕಾಯಿದೆಗಳ ಹೆಸರೂ ರೂಪವೂ ಕಾಲಕಾಲಕ್ಕೆ ಬದಲಾಗುತ್ತವೆ. ಅವುಗಳ ಹಿಂದಿನ ನ್ಯಾಯ ಬದಲಾಗದು. ಜಗದ್ಗುರು ಹದಿಮೂರನೆಯ ಲಿಯೋ ಅವರು 1891ರಲ್ಲಿ ತಮ್ಮ ವಿಶ್ವಪತ್ರದಲ್ಲಿ ಬೋಧಿಸಿದಂತೆ, ಕಾರ್ಮಿಕನ ನ್ಯಾಯವಾದ ಕೂಲಿಯೂ ಅವನ ಮಾನವಗೌರವವೂ ಧಣಿಯ ಮನಸ್ಸಿನ ಮರ್ಜಿಗೆ ಬಿಟ್ಟ ವಿಷಯಗಳಲ್ಲ.

ನಮ್ಮ ನಡುವೆ ಒಳ್ಳೆಯ ಮಾಲೀಕರಿದ್ದಾರೆ. ಮಳೆಗಾಲಕ್ಕೆ ಮುನ್ನ ಲೈನಿನ ಹೆಂಚು ಬದಲಿಸುವವರು, ರಾತ್ರಿಯ ಹೊತ್ತು ಹೆರಿಗೆಗೆ ತಮ್ಮ ಜೀಪನ್ನೇ ಕಳುಹಿಸುವವರು, ಕಾರ್ಮಿಕರ ಮಕ್ಕಳ ಕಾಲೇಜಿನ ಶುಲ್ಕ ಕಟ್ಟುವವರು ಇದ್ದಾರೆ. ಅವರ ಔದಾರ್ಯವನ್ನು ದೇವರು ಆಶೀರ್ವದಿಸಲಿ. ಅವರೂ ಒಂದು ಮಾತನ್ನು ಯೋಚಿಸಬೇಕು. ತಾನು ಕೊಟ್ಟ ಮನೆಯಿಂದ ನಾಳೆ ಹೊರಹಾಕಿಯಾರೆಂದು ಹೆದರಿ ಕಾರ್ಮಿಕನು ಬಾಯಿ ಮುಚ್ಚಿಕೊಂಡರೆ, ಆ ಮನೆ ಇನ್ನೂ ಪೂರ್ತಿಯಾಗಿ ಕೊಟ್ಟಂತಾಗಲಿಲ್ಲ. ಮೇಸ್ತ್ರಿಯ ಚೀಟಿಯಿಲ್ಲದೆ ಔಷಧ ಸಿಗದಿದ್ದರೆ, ಆ ಔಷಧಾಲಯದ ಬಾಗಿಲು ಅರ್ಧ ಮಾತ್ರ ತೆರೆದಂತೆ. ಓದಿದ ಮಗ ತೋಟ ಬಿಟ್ಟು ಬೇರೆ ಉದ್ಯೋಗಕ್ಕೆ ಹೋಗುವುದನ್ನು ಕಂಡು ಸಂತೋಷಪಡುವ ಧಣಿಯೇ ನಿಜವಾಗಿ ಶಾಲೆ ಕೊಟ್ಟವನು. ಕಾರ್ಮಿಕ ಬಂಧುಗಳೂ ತಮ್ಮ ಹೊಣೆಯನ್ನು ಮರೆಯಬಾರದು: ದೊರೆತ ಮನೆಯನ್ನು ಚೊಕ್ಕಟವಾಗಿ ಇಟ್ಟುಕೊಂಡು, ಮಕ್ಕಳನ್ನು ತಪ್ಪದೆ ಶಾಲೆಗೆ ಕಳುಹಿಸಿ, ಕುಡಿತಕ್ಕೆ ಕೂಲಿಯನ್ನು ಸುರಿಯದೆ, ತಮ್ಮ ಹಕ್ಕನ್ನು ವಿನಯದಿಂದಲೂ ಧೈರ್ಯದಿಂದಲೂ ಕೇಳಬೇಕು.

ಗುರುಗಳಾದ ನಮಗೂ ಇಲ್ಲಿ ಎಚ್ಚರಿಕೆಯಿದೆ. ಧಣಿಗಳ ಮನೆಯ ಊಟಕ್ಕೆ ಕುಳಿತಾಗ ಲೈನಿನ ಸೋರುವ ಮಾಡನ್ನು ಮರೆಯುವುದು ಬಹು ಸುಲಭ. ನಾನೂ ಮರೆತಿದ್ದುಂಟು.

ಅಂದು ಲೈನಿನಲ್ಲಿ ಪ್ರಶ್ನೆ ಕೇಳಿದ ಆ ಹಿರಿಯರು ಇಂದು ನಮ್ಮ ದೇವಾಲಯದ ಹಿಂದಿನ ಸಮಾಧಿಭೂಮಿಯಲ್ಲಿ ವಿಶ್ರಮಿಸುತ್ತಿದ್ದಾರೆ. ಅವರಿಗೆ ಕೊಡಬೇಕಾಗಿದ್ದ ಉತ್ತರವನ್ನು ಈಗ ತಡವಾಗಿ ಬರೆಯುತ್ತಿದ್ದೇನೆ. ಅದು ಸಾಲ. ಆ ಸಾಲವನ್ನು ಪ್ರೀತಿಯಿಂದ ತೀರಿಸಿದರೆ ಅದೇ ಪುಣ್ಯ. ಶತಮಾನದ ಹೊಸ್ತಿಲಲ್ಲಿ ನಿಂತಿರುವ ಈ ದೇವಾಲಯದ ಬಲಿಪೀಠದ ಮೇಲೆ ನಾವು ಅರ್ಪಿಸುವ ರೊಟ್ಟಿ ಯಾರಿಂದಲೂ ಕಿತ್ತುಕೊಂಡ ರೊಟ್ಟಿಯಾಗದಿರಲಿ ಎಂದು ಪ್ರಭು ಯೇಸುವಿನಲ್ಲಿ ಪ್ರಾರ್ಥಿಸುತ್ತೇನೆ.